'ಬೇಕು' ಎಂದು ಮುಗಿಯುವ ಒಂದು ವಾಕ್ಯ: ಫರ್ಗುಸನ್ ದಾರಿಯಲ್ಲಿ ನಾಟಕ ಓದುವ ನನ್ನ ಕ್ರಮ

ಹೊಸ ನಾಟಕ ಕೈಗೆತ್ತಿಕೊಂಡರೆ ರಂಗಪ್ರತಿಯ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯುತ್ತೇನೆ. ಅದು 'ಬೇಕು' ಎಂದು ಮುಗಿಯಬೇಕು. ಈ ಕ್ರಮ ಅಮೆರಿಕದ ನಾಟಕ ವಿಮರ್ಶಕ, ಪ್ರಾಧ್ಯಾಪಕ ಫ್ರಾನ್ಸಿಸ್ ಫರ್ಗುಸನ್ ಅವರಿಂದ ಬಂದದ್ದು. 1904ರಲ್ಲಿ ನ್ಯೂ ಮೆಕ್ಸಿಕೋದಲ್ಲಿ ಹುಟ್ಟಿದ ಫರ್ಗುಸನ್, ಆಕ್ಸ್‌ಫರ್ಡ್ ಓದಿನ ನಂತರ ನ್ಯೂಯಾರ್ಕಿನ ಅಮೆರಿಕನ್ ಲ್ಯಾಬೊರೇಟರಿ ಥಿಯೇಟರ್ ಸೇರಿದರು. ಅಲ್ಲಿ ಕಲಿಸುತ್ತಿದ್ದವರು ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಪಳಗಿದ ಬೊಲೆಸ್ಲಾವ್‌ಸ್ಕಿ ಮತ್ತು ಉಸ್ಪೆನ್‌ಸ್ಕಾಯಾ. ಆಮೇಲೆ 'ಬುಕ್‌ಮನ್' ಪತ್ರಿಕೆಗೆ ವಿಮರ್ಶೆ ಬರೆದರು, ಬೆನ್ನಿಂಗ್ಟನ್ ಮತ್ತು ರಟ್ಗರ್ಸ್‌ನಲ್ಲಿ ಪಾಠ ಮಾಡಿದರು. 'ಈ ಪಾತ್ರಕ್ಕೆ ಏನು ಬೇಕು?' ಎಂಬ ತಾಲೀಮಿನ ಪ್ರಶ್ನೆಯನ್ನೇ ಹಿಡಿದು ಅರಿಸ್ಟಾಟಲ್ ಹೇಳಿದ 'ಕ್ರಿಯೆ'ಯನ್ನು, ಅಂದರೆ ನಾಟಕವನ್ನು ಒಳಗಿನಿಂದ ನಡೆಸುವ ಉದ್ದೇಶವನ್ನು, ಬಿಡಿಸಿ ತೋರಿಸಿದ್ದು ಅವರ ದೊಡ್ಡ ಕೆಲಸ. 1949ರ 'ದಿ ಐಡಿಯಾ ಆಫ್ ಎ ಥಿಯೇಟರ್' ಹತ್ತು ನಾಟಕಗಳನ್ನು ಹೀಗೆ ನೋಡುತ್ತದೆ.

ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಈಡಿಪಸ್' ತೆಗೆದುಕೊಳ್ಳಿ. 'ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾದ' ಎಂದು ಬರೆದರೆ ಅದು ಕಥೆ, ಪರದೆ ಏಳುವ ಮೊದಲೇ ನಡೆದುಹೋದದ್ದು. 'ದುಃಖ' ಎಂದು ಬರೆದರೆ ನಟನಿಗೆ ಮಾಡಲು ಏನೂ ಸಿಗುವುದಿಲ್ಲ, ಮುಖ ಬಾಡಿಸಿ ನಿಲ್ಲುತ್ತಾನೆ. ಫರ್ಗುಸನ್ ಹಿಡಿದದ್ದು: ಹಿಂದಿನ ದೊರೆ ಲಾಯಸನ ಕೊಲೆಗಾರನನ್ನು ಪತ್ತೆಹಚ್ಚಬೇಕು. ಪದ ಸಕರ್ಮಕವಾಗಿರಲಿ, 'ಯಾರನ್ನು, ಏನನ್ನು' ಎಂದು ಕೇಳಿದರೆ ಉತ್ತರ ಸಿಗುವಂತಿರಲಿ. 'ಪತ್ತೆಹಚ್ಚಲು' ಎಂದು ಬರೆದರೆ ಬಿಗಿ ಸಡಿಲ. ಕನ್ನಡದ 'ಬೇಕು'ವಿನಲ್ಲಿ ಆಸೆಯೂ ಇದೆ, ಒತ್ತಾಯವೂ ಇದೆ. ಈಡಿಪಸನಿಗೆ ಎರಡೂ ಸೇರಬೇಕು.

ಆಮೇಲೆ ಒಂದೊಂದೇ ದೃಶ್ಯವನ್ನು ಮೂರು ಹೆಜ್ಜೆಯಲ್ಲಿ ಗುರುತು ಹಾಕುತ್ತೇನೆ: ಉದ್ದೇಶ, ವೇದನೆ, ಅರಿವು. ಅಮೆರಿಕದ ವಿಮರ್ಶಕ ಕೆನೆತ್ ಬರ್ಕ್ ಅವರಿಂದ ಫರ್ಗುಸನ್ ಪಡೆದು ಬೆಳೆಸಿದ ಮೂರರ ಜೋಡಣೆ ಇದು. ಟೈರೀಸಿಯಸ್ ಬರುವ ದೃಶ್ಯದಲ್ಲಿ ಮೂರೂ ನಿಚ್ಚಳ. ದೊರೆಗೆ ಉತ್ತರ ಬೇಕು. ಕುರುಡ ಕಾಲಜ್ಞಾನಿ ಮೊದಲು ಬಾಯಿ ಬಿಡುವುದಿಲ್ಲ, ಮಾತು ಜಗಳಕ್ಕೆ ತಿರುಗುತ್ತದೆ, 'ಕೊಲೆಗಾರ ನೀನೇ' ಎಂಬ ನುಡಿ ಬೀಳುತ್ತದೆ. ತತ್ತರಿಸಿದ ಮೇಳ (ಕೋರಸ್) ಅದನ್ನು ಹಾಡಿನಲ್ಲಿ ಅನುಭವಿಸುತ್ತದೆ, ಆ ವೇದನೆಯಿಂದ ಅರಿವಿನ ಕಡೆಗೆ ಸಾಗುತ್ತದೆ. ಮೇಳದ ಹಾಡನ್ನು ಕತ್ತರಿಸಿದರೆ ವೇದನೆಯೇ ಕಾಣೆಯಾಗಿ ನಾಟಕ ಪೊಲೀಸ್ ತನಿಖೆಯಂತಾಗುತ್ತದೆ. ಅವಧಿ ಇಳಿಸುವಾಗ ಮೊದಲು ಕೈಹಾಕುವುದು ಅಲ್ಲಿಗೇ, ಹಾಗಾಗಿ ಎಚ್ಚರ ಬೇಕು.

ರಾಣಿ ಜೊಕಾಸ್ಟಾ ಬಂದಾಗ ವಾಕ್ಯ ಮುರಿದಂತೆ ತೋರುತ್ತದೆ, ಏಕೆಂದರೆ ಕೊನೆಗೆ ಆಕೆಗೆ ಹುಡುಕಾಟ ನಿಲ್ಲಬೇಕು. ಅವಳಿಗೆಂದು ಬೇರೆ ಕ್ರಿಯೆ ಹೊಲಿಯಬಾರದು. ಅದೇ ಹುಡುಕಾಟಕ್ಕೆ ಅವಳ ಮಾತು ಹೇಗೆ ತಗಲುತ್ತದೆ ಎಂದು ನೋಡಬೇಕು. ಸಮಾಧಾನ ಹೇಳಲು ಹೋಗಿ ಲಾಯಸ ಸತ್ತ, ಮೂರು ದಾರಿ ಕೂಡುವ ಜಾಗದ ಸುದ್ದಿ ಎತ್ತುವವಳು ಅವಳೇ, ಸುಳಿವು ಸಿಗುವುದು ಅಲ್ಲೇ.

ಚೆಕಾಫನ 'ಚೆರ್ರಿ ತೋಟ'ದಲ್ಲಿ ಈ ಕ್ರಮ ಬೇರೆಯಾಗಿ ಒದಗುತ್ತದೆ. 'ತೋಟ ಉಳಿಸಿಕೊಳ್ಳಬೇಕು' ಎಂದು ಬರೆದರೂ ಯಾರೂ ಅದಕ್ಕಾಗಿ ಬಲವಾಗಿ ಏನನ್ನೂ ಮಾಡುವುದಿಲ್ಲ. ಇಲ್ಲಿ ವೇದನೆಯ ಹೆಜ್ಜೆಯೇ ಉದ್ದ. ಹಾಗಾಗಿ ಅಂಚಿನ ಗುರುತುಗಳನ್ನು ಪೆನ್ಸಿಲಿನಲ್ಲೇ ಹಾಕುತ್ತೇನೆ. ಮೂರನೆಯ ಓದಿಗೆ ಅರ್ಧಕ್ಕರ್ಧ ಅಳಿಸಬೇಕಾಗುತ್ತದೆ.