ಎಲ್ಲರೂ ಬೈದ ಆಟ ನನಗಿರಲಿ: ಗುಜರಿ ಗೇಮರ್‌ನ ಅನುಭವ

ಕಾರವಾರದ ಭಾವ ನನಗೆ ಇಟ್ಟ ಹೆಸರು ಗುಜರಿ. ಊರೆಲ್ಲ ಬೈದು ಮೂಲೆಗೆ ಎಸೆದ ಆಟಗಳನ್ನೇ ಹುಡುಕಿ ಆಡುತ್ತೇನೆ ಅನ್ನೋದಕ್ಕೆ. ಅವನು ಹೊಸ ಗೇಮ್ ಬಿಡುಗಡೆಯಾದ ದಿನವೇ ಕೊಳ್ಳುವ ಪೈಕಿ. ಕಳೆದ ಮಳೆಗಾಲ ಎರಡು ದಿನ ಇದ್ದು ಹೋಗ್ತೇನೆ ಅಂತ ಶಿರಸಿಗೆ ಬಂದವನು ನನ್ನ ಕಂಪ್ಯೂಟರ್ ಮುಂದೆ ಕೂತು ಮ್ಯಾಡ್ ಮ್ಯಾಕ್ಸ್ ಶುರು ಮಾಡಿದ. ವಾರ ಕಳೆದರೂ ಎದ್ದಿರಲಿಲ್ಲ. ಹೋಗುವಾಗ ಕೇಳಿದ್ದು ಒಂದೇ ಮಾತು, "ತಮಾ, ಇದು ಮತ್ತೆ ಸೇಲಿಗೆ ಯಾವಾಗ ಬತ್ತು?"

ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು. ಸ್ಟೀಮ್ ಅಂದ್ರೆ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ, ಕೊಂಡವರ ರಿವ್ಯೂ ಕೂಡ ಅಲ್ಲೇ ಇರುತ್ತೆ. ಇದಕ್ಕಿಂತ ಹೆಚ್ಚು ವಿವರಿಸುತ್ತ ಕೂರೋದಿಲ್ಲ.

ನಾನು ಆಟ ಆರಿಸೋದು ಬೈಗುಳ ಓದಿ. ಸ್ಟೀಮ್‌ನಲ್ಲಿ 'ಮಿಕ್ಸ್ಡ್' ಅಂತ ಬಂದ್ರೆ ನೂರಕ್ಕೆ 40ರಿಂದ 69 ಜನ ಮಾತ್ರ ಮೆಚ್ಚಿದ್ದಾರೆ ಅಂತ. ನನ್ನ ಸಂತೆ ಅಲ್ಲೇ. ನೆಗೆಟಿವ್ ರಿವ್ಯೂ ಮಾತ್ರ ತೆರೆಯುತ್ತೇನೆ, ಆಡಿದ ಗಂಟೆಯ ಫಿಲ್ಟರ್ ಹಾಕುತ್ತೇನೆ, ಇಪ್ಪತ್ತು ಗಂಟೆ ದಾಟಿದವರು ಏನಂತ ಬೈದಿದ್ದಾರೆ ನೋಡುತ್ತೇನೆ. ಒಂದು ಗಂಟೆ ಆಡಿ ಬೈದವನ ಮಾತು ಬೇಡ. ಅರವತ್ತು ಗಂಟೆ ಆಡಿ 'ದರಿದ್ರ ಆಟ, ದುಡ್ಡು ದಂಡ' ಅಂತ ಬರೆದವನಿರ್ತಾನಲ್ಲ, ಅವನೇ ನನ್ನ ಗುರು. ಅಷ್ಟು ಹೊತ್ತು ಅವನನ್ನು ಕೂರಿಸಿದ್ದು ಏನೋ ಒಂದು ಅದರಲ್ಲಿ ಇರಲೇಬೇಕು. ಕ್ರ್ಯಾಶ್ ಆಗುತ್ತೆ, ಸೇವ್ ಹೋಯ್ತು, ಮಿಷನ್ ಮುಂದಕ್ಕೇ ಹೋಗ್ತಿಲ್ಲ ಅಂತ ಬೈದಿದ್ದರೆ ಆ ಕಡೆ ತಲೆ ಹಾಕಬೇಡಿ. ಖಾಲಿ ಖಾಲಿ, ಬಹಳ ನಿಧಾನ, ಅದದೇ ಕೆಲಸ, ಹಿಂದಿನ ಭಾಗದ ಹಾಗಿಲ್ಲ ಅಂತ ಬೈದಿದ್ದರೆ ಕಣ್ಣು ಮುಚ್ಚಿ ವಿಶ್‌ಲಿಸ್ಟಿಗೆ ಹಾಕಿ.

ಆಮೇಲೆ ಮುಖ್ಯ ವಿಷಯ. ಇಂಥ ಆಟದಲ್ಲಿ ಚೆಂದ ಮಾಡಿರೋ ಕೆಲಸ ಸಾಮಾನ್ಯವಾಗಿ ಒಂದೇ ಇರುತ್ತೆ. ಉಳಿದದ್ದೆಲ್ಲ ಮ್ಯಾಪ್ ತುಂಬಿಸೋದಕ್ಕೆ ಸುರಿದ ಕಸ. ಆ ಒಂದು ಕೆಲಸ ಯಾವುದು ಅಂತ ಮೊದಲ ಮೂರ್ನಾಲ್ಕು ಗಂಟೆಯಲ್ಲಿ ಹುಡುಕಿಕೊಂಡು, ಅದನ್ನೇ ಮಾಡುತ್ತ, ಸಾಕು ಅನಿಸಿದ ದಿನ ಬಿಟ್ಟುಬಿಡೋದು. ನೂರಕ್ಕೆ ನೂರು ಮುಗಿಸುವ ಚಟ ಇರೋರಿಗೆ ಇದು ಆಗೋದಿಲ್ಲ. ಭಾವನಿಗೆ ಆ ಚಟ ಬಿಡಿಸೋದಕ್ಕೇ ಎರಡು ಸಂಜೆ ಹಿಡಿಯಿತು.

ಮ್ಯಾಡ್ ಮ್ಯಾಕ್ಸನ್ನೇ ತಗೊಳ್ಳಿ. ಬಂದದ್ದು 2015ರ ಸೆಪ್ಟೆಂಬರ್ 1ಕ್ಕೆ. ಮೆಟಲ್ ಗಿಯರ್ ಸಾಲಿಡ್ 5 ಬಂದದ್ದೂ ಅದೇ ದಿನ, ಇನ್ನು ಇದನ್ನು ಕೇಳೋರು ಯಾರು? ಆಡಿದವರೂ ಬೈದರು. ಕ್ಯಾಂಪ್ ಒಡಿ, ಸ್ಕ್ರ್ಯಾಪ್ ಹೆಕ್ಕು, ಬಲೂನ್ ಹತ್ತು, ಮತ್ತೆ ಕ್ಯಾಂಪ್ ಒಡಿ. ನಿಜವೇ. ಆದರೆ ಅದರಲ್ಲಿ ಕಾರ್ ಇದೆ, ಕಾರಿನ ಹಿಂದೆ ಚಮ್‌ಬಕೆಟ್ ಅನ್ನೋ ಗೂನ ಕೂತಿರ್ತಾನೆ, ಅವನ ಕೈಯಲ್ಲಿ ಹಾರ್ಪೂನ್, ಅಂದ್ರೆ ಹಗ್ಗ ಕಟ್ಟಿದ ಈಟಿ. ಅದೊಂದೇ ಸಾಕು. ಮರಳುಗಾಡಿನ ರಸ್ತೆಯಲ್ಲಿ ಕಾನ್ವಾಯ್‌ಗಳು, ಅಂದ್ರೆ ಶತ್ರು ಗಾಡಿಗಳ ಸಾಲು, ಸುತ್ತುತ್ತಲೇ ಇರುತ್ತವೆ. ನಾನು ಮಾಡೋದು ಇಷ್ಟು: ಹಾರ್ಪೂನ್ ಬಲವಾಗುವ ತನಕ ಕಥೆಯ ಮಿಷನ್ ಮಾತ್ರ, ಆಮೇಲೆ ಕಾನ್ವಾಯ್ ಮಾತ್ರ. ಹಿಂದಿನಿಂದ ಹೋಗಿ ಬಾಲದ ಗಾಡಿಯ ಚಕ್ರಕ್ಕೆ ಹಾರ್ಪೂನ್ ಸಿಕ್ಕಿಸಿ ಬ್ರೇಕ್ ಒತ್ತಿದ್ರೆ ಚಕ್ರ ಕಿತ್ತು ಕೈಗೆ ಬರುತ್ತೆ, ಗಾಡಿ ಮೂತಿ ನೆಲಕ್ಕೆ ಊರಿ ಪಲ್ಟಿ. ಮುಂದಿನದಕ್ಕೆ ಬಾಗಿಲು ಕೀಳಬೇಕು, ಆಮೇಲೆ ಡ್ರೈವರನ್ನೇ ಎಳೆಯಬೇಕು. ಎಲ್ಲರಿಗಿಂತ ಮುಂದಿರೋ ಲೀಡರ್ ಗಾಡಿ ಒಡೆದ್ರೆ ನಿಮ್ಮ ಬಾನೆಟ್ ಮೇಲೆ ಇಡೋದಕ್ಕೆ ಒಂದು ಬೊಂಬೆ ಸಿಗುತ್ತೆ. ಮ್ಯೂಸಿಕ್ ಸೊನ್ನೆಗೆ ಇಳಿಸಿ, ಇಂಜಿನ್ ಸದ್ದು ಮಾತ್ರ ಇಟ್ಟುಕೊಳ್ಳಿ. ಭಾವ ಆಟಕ್ಕೆ ಕೂತು ಹತ್ತು ನಿಮಿಷಕ್ಕೆ ಕ್ಯಾಂಪ್ ಕ್ಯಾಂಪ್ ಅಂತ ಹೊರಟಿದ್ದ. ಕಂಟ್ರೋಲರ್ ಕಿತ್ತುಕೊಂಡು ಕಾನ್ವಾಯ್ ಹಿಂದೆ ಬಿಟ್ಟೆ. ಆಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

ಆ ಆಟಕ್ಕೆ ನಾನು ಕೊಟ್ಟದ್ದು ಇನ್ನೂರು ರೂಪಾಯಿ ಒಳಗೆ. ಹಳೇ 1050 ಟಿಐ ಗ್ರಾಫಿಕ್ಸ್ ಕಾರ್ಡ್‌ನಲ್ಲೂ ಬೆಣ್ಣೆಯ ಹಾಗೆ ಓಡುತ್ತೆ.

ಇದಕ್ಕಿಂತ ಹಳೇ ಪ್ರೀತಿ ಫಾರ್ ಕ್ರೈ 2. 2008ರದ್ದು. ಇದನ್ನು ಬೈಯೋರ ಪಟ್ಟಿ ಉದ್ದ ಇದೆ. ಹೀರೋಗೆ ಮಲೇರಿಯಾ, ಮಾತ್ರೆ ಮುಗಿದ್ರೆ ಟ್ರಾನ್ಸಿಟ್ ಪೇಪರ್ ಮುಟ್ಟಿಸೋ ಕೆಲಸ ಮಾಡಿ ಹೊಸದು ತರಬೇಕು. ಚೆಕ್‌ಪೋಸ್ಟ್ ಕ್ಲಿಯರ್ ಮಾಡಿ ಸ್ವಲ್ಪ ದೂರ ಹೋಗಿ ಬಂದ್ರೆ ಮತ್ತೆ ಅಷ್ಟೇ ಜನ ನಿಂತಿರ್ತಾರೆ. ಬಂದೂಕು ತುಕ್ಕು ಹಿಡಿದು ಗುಂಡಿನ ಮಧ್ಯೆ ಜಾಮ್ ಆಗುತ್ತೆ. ಮ್ಯಾಪ್ ನೋಡ್ಬೇಕು ಅಂದ್ರೂ ಆಟ ನಿಲ್ಲಲ್ಲ, ಒಂದು ಕೈಯಲ್ಲಿ ಕಾಗದ ಹಿಡಿದು ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್. ಇದೆಲ್ಲ ತೊಂದರೆ ಅಂತ ನೋಡಿದ್ರೆ ತೊಂದರೆಯೇ. ನನಗೆ ಇದೇ ಆಟ. ಸತ್ತವನ ಬಂದೂಕು ಎತ್ತಿಕೊಂಡಿದ್ದೇನೆ, ಅದು ಕಂದುಬಣ್ಣಕ್ಕೆ ತಿರುಗಿದೆ, ಎದುರಿಗೆ ಮೂವರು. ಒಂದು ಸುತ್ತು ಹಾರಿಸಿದೆ, ಜಾಮ್. ಹೀರೋ ಬಂದೂಕನ್ನು ಬಡಿದು ಬಡಿದು ಬೋಲ್ಟ್ ಎಳೆಯೋ ಆ ಎರಡು ಸೆಕೆಂಡಿಗೆ ಬೇರೆ ಯಾವ ಶೂಟರ್ ಕೂಡ ಸಾಟಿ ಇಲ್ಲ. ಚೆಕ್‌ಪೋಸ್ಟ್ ವಿಷಯ ಬೇಕಾದ್ರೆ ಹೇಳುತ್ತೇನೆ: ರಸ್ತೆ ಬಿಡಿ, ನದಿ ಹಿಡಿಯಿರಿ, ದೂರ ಇದ್ದರೆ ಬಸ್ ಹತ್ತಿ. ಉತ್ತರದ ಮ್ಯಾಪಿನಲ್ಲಿ ಒಂದೂ ಚೆಕ್‌ಪೋಸ್ಟ್ ಮುಟ್ಟದೆ ಪೇಟೆಯಿಂದ ಗಡಿಯ ತನಕ ಹೋಗುವ ದಾರಿ ಒಂದು ಕಂಡುಹಿಡಿದಿದ್ದೇನೆ. ಅದನ್ನು ಬರೆಯೋದಿಲ್ಲ. ನೀವೂ ಒಂದಷ್ಟು ಸಾಯಿರಿ.

ಅದರಲ್ಲೇ ಒಂದು ಪ್ರಯೋಗ ಮಾಡಿದ್ದೆ. ಅಂಗಡಿಯಿಂದ ಏನೂ ಕೊಳ್ಳೋದಿಲ್ಲ, ನೆಲಕ್ಕೆ ಬಿದ್ದ ತುಕ್ಕು ಬಂದೂಕು ಮತ್ತು ಬೆಂಕಿ ಮಾತ್ರ ಅಂತ. ಒಣ ಹುಲ್ಲಿಗೆ ಮೊಲೊಟೊವ್ ಅನ್ನೋ ಬೆಂಕಿ ಬಾಟಲಿ ಎಸೆದು ಗಾಳಿ ಯಾವ ಕಡೆ ಅಂತ ನೋಡಿ ಕೂರೋದು. ಗಾಳಿ ತಿರುಗಿದ್ರೆ ನಾವೇ ಸುಟ್ಟುಹೋಗ್ತೇವೆ. ಹೊರಗೆ ಜುಲೈ ಮಳೆ ಹೊಯ್ತಾ ಇರೋವಾಗ ಒಳಗೆ ಹುಲ್ಲುಗಾವಲು ಧಗಧಗ ಉರಿಯೋದು ನೋಡೋಕೆ ಮಜಾ ಇರುತ್ತೆ, ಆದ್ರೆ ದಕ್ಷಿಣದ ಮ್ಯಾಪಿಗೆ ಹೋದಮೇಲೆ ಈ ಆಟ ನಡೆಯಲಿಲ್ಲ, ಬಿಟ್ಟೆ.

ಮಾಸ್ ಎಫೆಕ್ಟ್ ಆಂಡ್ರೊಮೆಡಾ 2017ರ ಮಾರ್ಚ್‌ನಲ್ಲಿ ಬಂದಾಗ ಜನ ನಕ್ಕದ್ದು ಪಾತ್ರಗಳ ಮುಖ ನೋಡಿ. ಕಣ್ಣು ಗಾಜಿನ ಗೋಲಿ, ಬಾಯಿ ಒಂದು ಕಡೆ. ನಾನು ಆಡಿದ್ದು ಎರಡು ವರ್ಷ ಬಿಟ್ಟು. ಅಷ್ಟರಲ್ಲಿ ಕಣ್ಣು ಸರಿಯಾಗಿತ್ತು, ಒಂದು ಗ್ರಹದಿಂದ ಇನ್ನೊಂದಕ್ಕೆ ಹೋಗುವಾಗ ನೋಡಲೇಬೇಕಾಗಿದ್ದ ಉದ್ದದ ದೃಶ್ಯ ಸ್ಕಿಪ್ ಮಾಡೋ ಹಾಗೂ ಆಗಿತ್ತು. ಬೈದವರು ಮೊದಲ ವಾರವೇ ಬೈದು ಹೋಗಿದ್ದರು. ಅದರಲ್ಲಿ ಚೆಂದ ಇರೋದು ಜಂಪ್ ಜೆಟ್. ಹಾರಿ, ಗಾಳಿಯಲ್ಲೇ ನಿಂತು, ಒಬ್ಬನನ್ನು ಮೇಲೆತ್ತಿ ಇನ್ನೊಬ್ಬನ ಮೇಲೆ ಎಸೆಯೋದು. ಜರ್ನಲ್‌ನಲ್ಲಿ 'ಅಡಿಷನಲ್ ಟಾಸ್ಕ್ಸ್' ಅಂತ ಒಂದು ಪಟ್ಟಿ ಇದೆಯಲ್ಲ, ಅದನ್ನು ತೆರೆಯಲೇ ಬೇಡಿ. 'ಪ್ರಯಾರಿಟಿ ಆಪ್ಸ್' ಮತ್ತು ಜೊತೆಗಾರರ ಮಿಷನ್ ಅಷ್ಟೇ. ನೂರು ಗಂಟೆಯ ಆಟ ಮೂವತ್ತು ಚಿಲ್ಲರೆ ಗಂಟೆಗೆ ಇಳಿಯುತ್ತೆ, ಬೇಜಾರೂ ಅಷ್ಟೇ ಇಳಿಯುತ್ತೆ.

ಡೆತ್ ಸ್ಟ್ರ್ಯಾಂಡಿಂಗ್ ಪುಕ್ಕಟೆ ಸಿಕ್ಕಿದ್ದು, 2022ರ ಡಿಸೆಂಬರ್‌ನಲ್ಲಿ ಎಪಿಕ್ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿ ಹಂಚಿದಾಗ. ಕೊರಿಯರ್ ಆಟ ಅಂತ ಎಲ್ಲರೂ ನಗಾಡ್ತಿದ್ರು. ಹೌದು, ಕೊರಿಯರ್ರೇ. ಬೆನ್ನ ಮೇಲೆ ಪೆಟ್ಟಿಗೆ ಪೇರಿಸಿ ಗುಡ್ಡ ಹತ್ತೋದು, ವಾಲಿದ ಕಡೆಗೆ ತಕ್ಕ ಹಾಗೆ ಎಡ ಬಲ ಟ್ರಿಗರ್ ಒತ್ತಿ ಸಮ ಮಾಡಿಕೊಳ್ಳೋದು, ಮಳೆ ಬಂದ್ರೆ ಪೆಟ್ಟಿಗೆ ಹಾಳಾಗುತ್ತೆ. ಕೊನೆಕೊಯ್ಲಿನಲ್ಲಿ ಅಡಿಕೆ ಹೊರೆ ಹೊತ್ತು ಒದ್ದೆ ಸಂಕ ದಾಟಿದವರಿಗೆ ಈ ಆಟ ಕಲಿಸೋದೇ ಬೇಡ, ಕಾಲು ತಾನೇ ನೋಡಿಕೊಂಡು ಇಡುತ್ತೆ. ಕಥೆಯ ದೃಶ್ಯಗಳು ಬಹಳ ಉದ್ದ, ಅವನ್ನು ಸ್ಕಿಪ್ ಮಾಡಿದೆ. ಅಭಿಮಾನಿಗಳು ಬೈಯಬಹುದು, ಬೈಯಲಿ. ರೆಸಲ್ಯೂಷನ್ ಇಳಿಸಿ ರಿವಾಟ್ಯೂನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ಗೆ ಕಟ್ಟಿಹಾಕಿದ್ರೆ ನಿಧಾನದ ಆಟಕ್ಕೆ ಧಾರಾಳ ಸಾಕು. 60 ಬೇಕೇ ಬೇಕು ಅನ್ನೋದು ಅರ್ಧ ಷೋಕಿ.

ಅಸ್ಸಾಸಿನ್ಸ್ ಕ್ರೀಡ್ ಯೂನಿಟಿಯಲ್ಲಿ ಪರದೆ ಮೇಲಿನ ಗುರುತೆಲ್ಲ ಆಫ್ ಮಾಡಿ ಪ್ಯಾರಿಸ್ಸಿನ ಮಾಡು ಹತ್ತಿ ಇಳಿದೆ, ಮಿಷನ್ ಹೆಚ್ಚೇನೂ ಮಾಡಲಿಲ್ಲ. 2013ರ ಸಿಮ್‌ಸಿಟಿ ಅನ್ನೋ ಊರು ಕಟ್ಟುವ ಆಟ ನೆಟ್ ಇಲ್ಲದೆ ಓಡ್ತಿರಲಿಲ್ಲ, 2014ರ ಮಾರ್ಚ್‌ನಲ್ಲಿ ಆಫ್‌ಲೈನ್ ಬಂದಮೇಲೆ ನಮ್ಮ ಕಡೆಯವರಿಗೂ ಆಡೋ ಹಾಗಾಯ್ತು. ಜಾಗ ಸಣ್ಣದು ಅಂತ ಬೈದರು. ಸಣ್ಣದಕ್ಕೇ ಅದು ಒಗಟು. ಅಲ್ಲಿನ ಜನ ಸಂಜೆ ಕೆಲಸ ಬಿಟ್ಟು ತಮ್ಮದೇ ಮನೆಗೆ ಹೋಗೋದಿಲ್ಲ, ಹತ್ತಿರ ಯಾವ ಮನೆ ಖಾಲಿ ಇದೆಯೋ ಅದಕ್ಕೆ ನುಗ್ತಾರೆ. ಇದು ಗೊತ್ತಾದಮೇಲೆ ನಾನು ರಸ್ತೆ ಹಾಕೋ ಕ್ರಮವೇ ಬದಲಾಯ್ತು.

ಎಲ್ಲವೂ ಗೆದ್ದಿಲ್ಲ. ಮಾಫಿಯಾ 3ರಲ್ಲಿ 1968ರ ಊರು, ಕಾರ್, ರೇಡಿಯೋ ಹಾಡು ಎಲ್ಲ ಭರ್ಜರಿ. ಡ್ರೈವಿಂಗನ್ನು ಸಿಮ್ಯುಲೇಷನ್‌ಗೆ, ಅಂದ್ರೆ ನಿಜದ ಗಾಡಿ ಓಡಿಸಿದ ಹಾಗೆ, ಹಾಕಿ ಸುಮ್ನೆ ಸುತ್ತಬಹುದು ಅಂತ ತಗೊಂಡೆ. ಆದ್ರೆ ಒಂದೊಂದು ಬಡಾವಣೆಯಲ್ಲೂ ಅದೇ ದಂಧೆ ಅದೇ ಥರ ಒಡೀದೆ ಕಥೆ ಮುಂದಕ್ಕೆ ಬಿಡೋದೇ ಇಲ್ಲ. ಕಸ ದಾಟದೆ ಚೆಂದದ್ದು ಸಿಗದಿದ್ದರೆ ನನ್ನ ಉಪಾಯ ಕೆಲಸ ಮಾಡಲ್ಲ. ಮೂರನೇ ಬಡಾವಣೆಗೆ ಕೈಮುಗಿದೆ. 2023ರ ಗಾಲಮ್ ಆಟ ಒಂದೂವರೆ ಗಂಟೆಗೆ ವಾಪಸ್. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆ ಆಡುವುದರೊಳಗೆ ಕೇಳಿದ್ರೆ ದುಡ್ಡು ಬರುತ್ತೆ, ಮೊಬೈಲಲ್ಲಿ ಟೈಮರ್ ಇಟ್ಟೇ ಕೂರುತ್ತೇನೆ. ಆಂಥೆಮ್ ಕೊಳ್ಳಲೇ ಇಲ್ಲ. ಹಾರೋದು ಚೆಂದ ಅಂತ ಎಲ್ಲರೂ ಹೇಳ್ತಿದ್ರು, ಆದ್ರೆ ಅದು ಪೂರ್ತಿ ಆನ್‌ಲೈನ್ ಆಗಿತ್ತು. ಸರ್ವರ್ ಮೇಲೆ ನಿಂತ ಆಟ ನಮ್ಮ ಊರಿಗಲ್ಲ.

ಯಾಕಂದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕರೆಂಟು ಮತ್ತು ನೆಟ್ಟು ಎರಡೂ ದೇವರ ಇಚ್ಛೆ. ಮರ ಬಿದ್ದರೆ ಮೂರು ದಿನ. ಮನೆ ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರುತ್ತೆ, ಅದನ್ನು ಯುಪಿಎಸ್ ಮೋಡ್‌ಗೆ ಹಾಕಿದ್ರೆ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗೋದು ಬಹಳ ಮಟ್ಟಿಗೆ ತಪ್ಪುತ್ತೆ. ಸೇವ್ ಫೋಲ್ಡರ್ ದಿನಾ ಪೆನ್‌ಡ್ರೈವಿಗೆ. ನೆಟ್ ಇರೋವಾಗಲೇ ಸ್ಟೀಮನ್ನು ಆಫ್‌ಲೈನ್‌ಗೆ ಹಾಕಿಡಿ, ಕ್ಲೌಡ್‌ನಲ್ಲಿರೋ ಸೇವ್ ಬೇರೆ, ಕಂಪ್ಯೂಟರಿನಲ್ಲಿರೋದು ಬೇರೆ ಅಂತ ಅದು ಜಗಳ ತೆಗೆದ್ರೆ ಕಣ್ಣುಮುಚ್ಚಿ ಲೋಕಲ್ ಫೈಲ್ ಆರಿಸಬೇಡಿ, ತಾರೀಕು ನೋಡಿ. ದೊಡ್ಡ ಆಟ ಕಾರವಾರದಲ್ಲಿ ಭಾವನ ಫೈಬರ್‌ನಲ್ಲಿ ನನ್ನ ಅಕೌಂಟಿಗೇ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಘಟ್ಟ ಹತ್ತಿಸುತ್ತೇನೆ. ಆಟದ ಫೋಲ್ಡರ್ ಜೊತೆ ಆಪ್‌ಮ್ಯಾನಿಫೆಸ್ಟ್ ಫೈಲನ್ನೂ ತನ್ನಿ, ಇಲ್ಲದಿದ್ರೆ ಆಟ ಆಗಲೇ ಇಳಿದಿದೆ ಅಂತ ಸ್ಟೀಮ್‌ಗೆ ತಾನಾಗಿ ಗೊತ್ತಾಗಲ್ಲ.

ಹಳೇ ಗೇಮ್ ಡಿಸ್ಕ್‌ಗಳಿಗೆ ಬೂಷ್ಟು ಬರೋದು ಇನ್ನೊಂದು ಕಾಟ. ಸಿಲಿಕಾ ಜೆಲ್ ಇಟ್ಟು ನೋಡಿದೆ, ನಮ್ಮ ಮಳೆಗೆ ಅದು ವಾರದಲ್ಲೇ ಸೋತಿತು. ಕಪಾಟಿನೊಳಗೆ ಒಂದು ಬಲ್ಬ್ ಉರಿಸಿಟ್ಟದ್ದು ಗೆದ್ದಿತು. ಎಲ್‌ಇಡಿ ಬೇಡ, ಅದು ಬಿಸಿಯೇ ಆಗಲ್ಲ. ಹಳೇ ತಂತಿ ಬಲ್ಬ್, 15 ವ್ಯಾಟ್ ಸಾಕು.

ದುಡ್ಡಿನ ಲೆಕ್ಕ ಕೇಳ್ತೀರಿ ಅಂತ ಗೊತ್ತು. ಆರೇಳು ವರ್ಷದಲ್ಲಿ ಐವತ್ತರ ಆಸುಪಾಸು ಆಟ, ಒಟ್ಟು ಒಂಬತ್ತು ಸಾವಿರವೋ ಹತ್ತು ಸಾವಿರವೋ ಆಗಿರಬಹುದು. ಭಾವ ಎರಡು ಹೊಸ ಡಿಸ್ಕ್‌ಗೆ ಅಷ್ಟು ಕೊಡ್ತಾನೆ. ನನಗೆ ನಿಜವಾಗಿ ಹೊಡೆತ ಬಿದ್ದದ್ದು ಆಟದಲ್ಲಲ್ಲ, ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಹುಬ್ಬಳ್ಳಿಯಿಂದ ಏಳು ಸಾವಿರಕ್ಕೆ ತಂದದ್ದು, ಕ್ರಿಪ್ಟೋ ಹಣ ಗಳಿಸೋಕೆ ಮಾಡುವ ಮೈನಿಂಗ್‌ನಲ್ಲಿ ಬೆಂದು ಬಂದ ಕಾರ್ಡ್, ಎರಡನೇ ಮಳೆಗಾಲ ನೋಡಲಿಲ್ಲ. ಫ್ಯಾನ್ ಅಡಿಯ ಸ್ಕ್ರೂ ಮೇಲೆ ಗೀರು ಇದೆಯಾ ಅಂತ ಮೊದಲು ನೋಡಿ. ಡಿಸ್ಕ್ ಮಾತ್ರ ಅಗ್ಗಕ್ಕೆ ಅಲ್ಲೇ ಇನ್ನೊಂದು ಅಂಗಡಿಯಲ್ಲಿ ಸಿಗುತ್ತೆ. ಯಾವ ಅಂಗಡಿ ಅಂತ ಹೇಳಿದ್ರೆ ನಾಳೆಯಿಂದ ನನಗೇ ಸಿಗಲ್ಲ.

ಈಗ ಕಣ್ಣಿಟ್ಟಿರೋದು 2023ರ ಫೋರ್‌ಸ್ಪೋಕನ್ ಮೇಲೆ. ಮಾತು ಸಹಿಸೋಕಾಗಲ್ಲ ಅಂತ ಊರೆಲ್ಲ ಬೈದ ಆಟ. ಓಡೋದು, ಗೋಡೆ ಜಿಗಿಯೋದು ಮಾತ್ರ ಬಹಳ ಚೆಂದವಂತೆ, ನಾಯಕಿಯ ಕೈಯಲ್ಲಿರೋ ಮಾತಾಡುವ ಬಳೆಯ ವಟವಟ ಕಡಿಮೆ ಮಾಡೋ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ, ಬೈದವರಲ್ಲಿ ಎಷ್ಟು ಜನ ಅದನ್ನು ತೆರೆದು ನೋಡಿದ್ದಾರೋ. ನನ್ನ ಕಾರ್ಡ್‌ಗೆ ಅದು ಭಾರ. ಶಿರಸಿ, ಕುಮಟಾ ಕಡೆ ಯಾರಾದ್ರೂ 8 ಜಿಬಿ ಕಾರ್ಡ್ ಮಾರೋರಿದ್ರೆ ಹೇಳಿ, ಮೈನಿಂಗ್‌ನದ್ದು ಬೇಡ.