ಹ್ಯಾಲೋವೀನ್ ಸಂಜೆ ನಮ್ಮ ಚರ್ಚಿನ ಪಾರ್ಕಿಂಗ್‌ನಲ್ಲಿ

ಅಕ್ಟೋಬರ್ 31, ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಸಿಹಿ ಕೇಳುವ ಹ್ಯಾಲೋವೀನ್ ಬಂತೆಂದರೆ ಅಮೆರಿಕದ ಡಾಲಸ್ ಸುತ್ತಮುತ್ತಲ ಮಕ್ಕಳಿಗೆ ಬೇರೆ ಮಾತೇ ಇರುವುದಿಲ್ಲ. ಅಸ್ಥಿಪಂಜರ, ಮಾಟಗಾತಿ, ರಕ್ತ ಬಳಿದ ಮುಖವಾಡ ನಮ್ಮ ಮನೆಗೆ ಬೇಡ ಅನ್ನುವ ಕ್ರೈಸ್ತ ತಂದೆತಾಯಿ ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬಳು. ಆದರೆ ‘ಬೇಡ’ ಎಂದಷ್ಟೇ ಹೇಳಿ ಮಗುವನ್ನು ಮನೆಯಲ್ಲಿ ಕೂರಿಸಿದರೆ ಅದಕ್ಕೆ ನಂಬಿಕೆಯ ಬಗ್ಗೆ ಏನೂ ಕಲಿಸಿದ ಹಾಗಾಗಲ್ಲ, ಅಲ್ವಾ? ಅದಕ್ಕೇ ಇಲ್ಲಿಯ ಎಷ್ಟೋ ಚರ್ಚುಗಳು ‘ಟ್ರಂಕ್ ಆರ್ ಟ್ರೀಟ್’ ನಡೆಸುತ್ತವೆ, ಅಂದರೆ ಅಲಂಕರಿಸಿದ ಕಾರಿನ ಡಿಕ್ಕಿಗಳಿಂದ ಮಕ್ಕಳಿಗೆ ಸಿಹಿ ಹಂಚುತ್ತವೆ. ನಮ್ಮ ಚರ್ಚಿನಲ್ಲಿ ಅದರ ಹೊಣೆ ನನ್ನದು.

ಕಾರುಗಳನ್ನು ಎರಡು ಸಾಲಾಗಿ, ಡಿಕ್ಕಿ ಒಳಮುಖವಾಗಿ ನಿಲ್ಲಿಸುತ್ತೇವೆ. ಒಂದೊಂದು ಡಿಕ್ಕಿಯಲ್ಲೂ ಸತ್ಯವೇದದ ಒಂದು ಕಥೆ. ನನ್ನದು ಪ್ರವಾದಿ ಯೋನನನ್ನು ನುಂಗಿದ ಮೀನು. ಡಿಕ್ಕಿ ಬಾಗಿಲಿನ ಅಂಚಿಗೆ ಥರ್ಮಾಕೋಲ್ ಹಲ್ಲು, ಕೆಳಗೆ ಕೆಂಪು ಬೆಡ್‌ಶೀಟಿನ ನಾಲಿಗೆ, ಒಳಗೆ ನೀಲಿ ಸೀರಿಯಲ್ ಲೈಟ್. ಚಾಕೊಲೇಟ್ ಬುಟ್ಟಿಯನ್ನು ಬೇಕೆಂದೇ ಗಂಟಲ ಹತ್ತಿರ ಇಡುತ್ತೇನೆ. ಮಗು ಬಾಯೊಳಗೆ ಬಗ್ಗಿ ಕೈಹಾಕುವಾಗ, “ಇದರೊಳಗೆ ಮೂರು ದಿನ ಯಾರಿದ್ದರು ಗೊತ್ತಾ?” ಎಂದು ಕೇಳುತ್ತೇನೆ. ಹಿಂದೆ ಸಾಲು ನಿಂತಿರುತ್ತದೆ, ಪ್ರಸಂಗಕ್ಕೆ ಹೊತ್ತಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ, ಸಾಕು. ಪಕ್ಕದಲ್ಲಿ ದಾನಿಯೇಲನ ಸಿಂಹದ ಗವಿ. ಅದರಾಚೆ ದಾವೀದ ಕಲ್ಲೆಸೆದು ಬೀಳಿಸಿದ ದೈತ್ಯ ಗೊಲ್ಯಾತನ ಚಿತ್ರಕ್ಕೆ ಮೆತ್ತನೆಯ ಚೆಂಡು ಎಸೆಯುವ ಆಟ, ಅಲ್ಲಿ ಯಾವಾಗಲೂ ಜಾಸ್ತಿ ಗಲಾಟೆ.

ಭಯಂಕರ ವೇಷ ಬೇಡ ಎಂದು ಕರಪತ್ರದಲ್ಲಿ ಬರೆಯುತ್ತೇವೆ. ಆದರೂ ಬೀದಿಯಿಂದ ಯಾವುದಾದರೂ ಮಗು ದೆವ್ವದ ವೇಷದಲ್ಲೇ ಬಂದರೆ ತಡೆಯುವುದಿಲ್ಲ. ಇದರಲ್ಲಿ ನಾನು ಹಟ ಹಿಡಿದಿದ್ದೇನೆ. ಚರ್ಚಿನ ಅಂಗಳಕ್ಕೆ ಮೊದಲ ಸಲ ಕಾಲಿಟ್ಟ ಮಗುವನ್ನು ಬಟ್ಟೆ ನೋಡಿ ವಾಪಸ್ ಕಳಿಸಿದರೆ ಯಾವ ಸುವಾರ್ತೆ ಸಾರಿದ ಹಾಗಾಯಿತು? ಚಾಕೊಲೇಟ್ ಬದಲು ಬರೀ ಟ್ರ್ಯಾಕ್ಟ್ (ಸುವಾರ್ತೆಯ ಪುಟ್ಟ ಹಾಳೆ) ಕೊಡುವುದಕ್ಕೂ ನಾನು ಒಪ್ಪುವುದಿಲ್ಲ. ಎರಡನ್ನೂ ಕೊಡಿ, ಕೈತುಂಬ ಕೊಡಿ.

ಬಾಗಿಲಲ್ಲಿ ಸಿಹಿಗುಂಬಳ ಇಡುತ್ತೇವೆ. ಮಕ್ಕಳೇ ತಿರುಳು, ಬೀಜ ಬಗೆದು ತೆಗೆಯುತ್ತಾರೆ. ಶಿಲುಬೆಯಾಕಾರ ಕೊರೆಯುವುದು ಮಾತ್ರ ದೊಡ್ಡವರು. ಒಳಗೆ ಬ್ಯಾಟರಿ ದೀಪ. ಉದ್ದ ಅಂಗಿ ತೊಟ್ಟ ಮಕ್ಕಳ ನಡುವೆ ಮೇಣದಬತ್ತಿ ಬೇಡವೇ ಬೇಡ. ಯೇಸು ತನ್ನನ್ನು ಲೋಕದ ಬೆಳಕು ಎಂದು ಕರೆದುಕೊಂಡ ಮಾತನ್ನು ಸಂಡೇ ಸ್ಕೂಲ್ ಟೀಚರ್ ಅಲ್ಲೇ ಹೇಳಿಕೊಡುತ್ತಾರೆ.

ಹ್ಯಾಲೋವೀನ್ ಅಂದರೆ ನವೆಂಬರ್ 1ರ ಸಕಲ ಸಂತರ ಹಬ್ಬದ ಹಿಂದಿನ ರಾತ್ರಿ. ಪ್ಯಾರಿಸ್‌ನ ಕ್ಯಾಥೊಲಿಕರು 2002ರಲ್ಲಿ ‘ಹೋಲಿವಿನ್ಸ್’ ಶುರುಮಾಡಿ, ಆ ಸಂಜೆಯನ್ನು ಮತ್ತೆ ಸಂತರ ಕಡೆಗೆ ತಿರುಗಿಸಿದರು. ಈಗ ಎಷ್ಟೋ ದೇಶಗಳಲ್ಲಿ ಮಕ್ಕಳು ಆ ದಿನ ಸಂತರ ವೇಷ ಹಾಕುತ್ತಾರೆ. ನಮ್ಮಲ್ಲಿಗೆ ಬರುವ ಮಂಗಳೂರು ಕಡೆಯ ಕುಟುಂಬವೊಂದರ ಹುಡುಗಿ ನೀಲಿ ಅಂಚಿನ ಬಿಳಿ ಸೀರೆಯಲ್ಲಿ ಮದರ್ ತೆರೇಸಾ ಆಗಿ ಬಂದಿದ್ದಳು. ನಾವು ಪ್ರಾಟೆಸ್ಟೆಂಟರು. 1517ರಲ್ಲಿ ನಮ್ಮ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ಮುಂದಿಟ್ಟ ದಿನವೂ ಅಕ್ಟೋಬರ್ 31 ಎಂದು ದೊಡ್ಡ ಮಕ್ಕಳಿಗೆ ನೆನಪಿಸುತ್ತೇವೆ.

ನೀವೂ ನಡೆಸುವುದಾದರೆ ಸಂಜೆ ಐದೂವರೆಗೇ ಶುರುಮಾಡಿ. ಆರೂವರೆ ದಾಟುತ್ತಿದ್ದಂತೆ ಇಲ್ಲಿ ಸೂರ್ಯ ಮುಳುಗುತ್ತಾನೆ. ಕೊನೆಯ ಮಗು ಹೋಗುವ ತನಕ ಒಂದು ಕಾರೂ ಅಲುಗಾಡಬಾರದು. ಕಡಲೆಕಾಯಿ ಅಲರ್ಜಿ ಇರುವ ಮಕ್ಕಳಿಗೆ ಸ್ಟಿಕರ್, ಪೆನ್ಸಿಲ್, ಪುಟ್ಟ ಚೆಂಡು ಇರುವ ಮೇಜು ಬೇರೆಯೇ ಇರಲಿ. ಅದರ ಮೇಲೆ ಅಲರ್ಜಿಯ ಮಕ್ಕಳಿಗೂ ಇಲ್ಲಿ ಉಡುಗೊರೆ ಇದೆ ಎಂದು ತಿಳಿಸುವ ಹಸಿರುನೀಲಿ ಬಣ್ಣದ ಕುಂಬಳ ಇಟ್ಟರೆ ಇಲ್ಲಿಯ ತಾಯಂದಿರು ನೋಡಿದ ಕೂಡಲೇ ಮಗುವನ್ನು ಅತ್ತ ಕರೆದೊಯ್ಯುತ್ತಾರೆ.