ಬೆಂಗಳೂರಿನ ಶಾಲಾಮಕ್ಕಳನ್ನು ಹಸಿರು ಉದ್ಯೋಗಗಳಿಗೆ ಅಣಿಗೊಳಿಸುವ ಬಗೆ

ಸೌರವಿದ್ಯುತ್, ಮಳೆನೀರು ಸಂಗ್ರಹ, ಕಸ ವಿಂಗಡಣೆಯಂತಹ ಪರಿಸರ ಕಾಯುವ ಕೆಲಸಗಳೇ ಹಸಿರು ಉದ್ಯೋಗಗಳು. ಅವುಗಳ ತಯಾರಿಯನ್ನು ಏಳನೆಯ ತರಗತಿಯಿಂದಲೇ ಆರಂಭಿಸಿ; ಮೊದಲ ಪಾಠ ಶಾಲೆಯ ಕಟ್ಟಡವೇ ಆಗಲಿ. ವಿದ್ಯುತ್ ಬಿಲ್ಲನ್ನು ಮಕ್ಕಳ ಕೈಗೆ ಕೊಟ್ಟು, ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗುತ್ತದೆ, ಅದರಲ್ಲಿ ಫ್ಯಾನು, ದೀಪ, ನೀರೆತ್ತುವ ಮೋಟಾರುಗಳ ಪಾಲೆಷ್ಟು ಎಂಬುದನ್ನು ಅವರಿಂದಲೇ ಲೆಕ್ಕ ಹಾಕಿಸಬೇಕು. ಬಳಿಕ ತಾರಸಿಯನ್ನು ಅಳೆಯಿಸಿ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಗರಿಷ್ಠ 1,000 ಲೀಟರ್ ನೀರು ಸಿಗುತ್ತದೆ, ಒಂದು ಕಿಲೋವ್ಯಾಟ್ ಸೌರಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು ನಾಲ್ಕು ಯೂನಿಟ್ ವಿದ್ಯುತ್ ಕೊಡುತ್ತದೆ ಎಂಬ ಗಣಿತ ಸ್ವಂತ ಅಳತೆಯಿಂದ ಮೂಡಿದಾಗ, ಅದನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಇರುವುದಿಲ್ಲ.

ನಂತರ ಈ ಕೆಲಸಗಳಲ್ಲಿ ತೊಡಗಿರುವವರನ್ನು ಮಕ್ಕಳು ಕಾಣಬೇಕು. ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರದಲ್ಲಿ ಪ್ಲಾಸ್ಟಿಕ್ಕಿನ ಬಗೆಗಳನ್ನು ಮುಟ್ಟಿಯೇ ಗುರುತಿಸುವವರ ತಿಳಿವಳಿಕೆ ದೊಡ್ಡದು. ಅವರನ್ನು ಗುರುಗಳೆಂದೇ ಪರಿಚಯಿಸಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿರುವ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ಅನುಮತಿ ಪಡೆದು ಪ್ರವಾಸ ಏರ್ಪಡಿಸಿದರೆ, ಎಂಜಿನಿಯರುಗಳ ಕೆಲಸದ ಜೊತೆಗೆ ವೈರಿಂಗ್, ಫಲಕಗಳ ನಿರ್ವಹಣೆ, ರೈತರ ಜಮೀನಿನ ಗುತ್ತಿಗೆ ವ್ಯವಹಾರಗಳೂ ಅರ್ಥವಾಗುತ್ತವೆ.

ಹತ್ತನೆಯ ತರಗತಿಯಲ್ಲಿ ಪೋಷಕರನ್ನೂ ಕರೆಸಿ, ಪಿಯು ವಿಜ್ಞಾನವೊಂದೇ ದಾರಿಯಲ್ಲವೆಂದೂ ಐಟಿಐನ ಎಲೆಕ್ಟ್ರಿಷಿಯನ್ ತರಬೇತಿ ಅಥವಾ ಡಿಪ್ಲೊಮಾದ ಮೂಲಕವೂ ಈ ಕ್ಷೇತ್ರಕ್ಕೆ ಗೌರವದಿಂದ ಬರಬಹುದೆಂದೂ ಸ್ಪಷ್ಟವಾಗಿ ತಿಳಿಸಿ.